ಈಸ್ಟ್ ಹ್ಯಾಮಿನ ಕೌಬಾಯ್ ಮತ್ತು ಬಿಸ್ಕತ್ತಿನ ಡಬ್ಬಿ

ಗಿಲ್ಬರ್ಟ್ ಲೋಬೋ ಜೀವಮಾನದಲ್ಲಿ ಕುದುರೆ ಹತ್ತಿದವನಲ್ಲ. ಅವನು ಹತ್ತಿರದಿಂದ ಕಂಡ ಕುದುರೆಯೆಂದರೆ ಫುಟ್‌ಬಾಲ್ ಪಂದ್ಯದ ದಿನಗಳಲ್ಲಿ ಬೀದಿ ಕಾಯಲು ಬರುತ್ತಿದ್ದ ಪೊಲೀಸರದ್ದು. ಅದೂ ಬಸ್ಸಿನ ಕಿಟಕಿಯಿಂದ. ಆದರೂ ಲಂಡನ್ನಿಗೆ ಬಂದು ನೆಲೆಸಿದ ಉಡುಪಿ, ಮಂಗಳೂರು ಕಡೆಯ ಕ್ಯಾಥೊಲಿಕರ ಮನೆಗಳಲ್ಲಿ ಮದುವೆಯೋ ಬೆಳ್ಳಿಹಬ್ಬವೋ ನಿಶ್ಚಯವಾದರೆ, ಹಾಲ್ ಗೊತ್ತುಮಾಡಿದ ಕೂಡಲೇ ಬರುವ ಪ್ರಶ್ನೆ, "ಕೌಬಾಯ್‌ಗೆ ಹೇಳಿದ್ದೀರಾ?" ಎಂಬುದು. ಬಹರೈನಿನಲ್ಲಿ ದುಡಿಯುತ್ತಿದ್ದಾಗ, ಊರಿಗೆ ಹೊರಟಿದ್ದ ಅಮೆರಿಕದ ಎಂಜಿನಿಯರೊಬ್ಬ ಅವನಿಗೊಂದು ಅಗಲ ಅಂಚಿನ ಟೋಪಿ ಕೊಟ್ಟಿದ್ದ. ಅದನ್ನಿಟ್ಟುಕೊಂಡು ಗಿಟಾರು ಹಿಡಿದು, ತಾನು ಎಂದೂ ನೋಡದ ಬಯಲುಗಳನ್ನೂ ಬಿಟ್ಟುಹೋದ ಪ್ರೇಯಸಿಯರನ್ನೂ ನೆನೆದು ಗಿಲ್ಬರ್ಟ್ ಹಾಡಿದರೆ, ಬಿಟ್ಟುಹೋಗದೆ ಮೂವತ್ತು ವರ್ಷ ಜೊತೆಗಿದ್ದ ಹೆಂಡತಿ ಮೆಟಿಲ್ಡಾ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೊಟ್ಟೆಪಾಡಿಗೆ ಅವನು ಒಂದು ಆಸ್ಪತ್ರೆಯಲ್ಲಿ ಪೋರ್ಟರ್. ವಾರ್ಡಿನಿಂದ ಆಪರೇಷನ್ ಥಿಯೇಟರಿಗೆ ರೋಗಿಗಳನ್ನು ತಳ್ಳಿಕೊಂಡು ಹೋಗುವುದು ಅವನ ಕೆಲಸ. ಹೆದರಿದವರಿಗೆ ಲಿಫ್ಟಿನಲ್ಲಿ ಮೆಲ್ಲನೆ ಒಂದು ಚರಣ ಹಾಡುತ್ತಿದ್ದ. ಅಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ವೇಣುಗೋಪಾಲ ಮೈಸೂರಿನವರು, ಸ್ಟ್ಯಾನ್ಮೋರಿನಲ್ಲಿ ಸ್ವಂತ ಮನೆಯುಳ್ಳವರು, ಕನ್ನಡ ಬಳಗದ ಅಧ್ಯಕ್ಷರು. "ನೀವು ಅರ್ಧ ಮಲಗಿಸಿಯೇ ಕರ್ಕೊಂಡು ಬರ್ತೀರಲ್ರೀ" ಎಂದು ಅವರು ಆಗಾಗ ಗಿಲ್ಬರ್ಟನನ್ನು ಮೆಚ್ಚುತ್ತಿದ್ದರು.

ಆ ವರ್ಷ ಬಳಗದ ವಾರ್ಷಿಕೋತ್ಸವಕ್ಕೆ ಡಾಕ್ಟರು ಒಂದು ನಾಟಕ ಬರೆದರು. ಪೌರಾಣಿಕ, ಐತಿಹಾಸಿಕ ಎಲ್ಲ ಆಗಿಹೋಗಿದ್ದವು. ಇದು ಅಮೆರಿಕದ ಪಶ್ಚಿಮ ಸೀಮೆಯ ಸಂಗೀತಮಯ ಹಾಸ್ಯ ನಾಟಕ: ಹಾಡುವ ಕೌಬಾಯ್ ಒಬ್ಬ ಊರಿಗೆ ಬರುತ್ತಾನೆ, ಹೂತಿಟ್ಟ ನಿಧಿಯನ್ನು ಪತ್ತೆಮಾಡಿ ಒಡತಿಗೆ ಒಪ್ಪಿಸುತ್ತಾನೆ. ಕೌಬಾಯ್ ಪಾತ್ರ ಯಾರಿಗೆಂದು ಚರ್ಚೆಯೇ ಆಗಲಿಲ್ಲ, ಏಕೆಂದರೆ ಬರೆದವರೇ ಡಾಕ್ಟರು. ತೊಡಕಿದ್ದದ್ದು ಒಂದೇ. ಡಾಕ್ಟರಿಗೆ ಹಾಡಲು ಬರುತ್ತಿರಲಿಲ್ಲ. ಬರುವುದಿಲ್ಲವೆಂಬುದು ಅವರನ್ನುಳಿದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಹೆಂಡತಿ ವೈದೇಹಿ ಅದನ್ನು ಅವರಿಗೂ ತಿಳಿಸಿದರು.

ಹಾಗಾಗಿ ಡಾಕ್ಟರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಗಿಲ್ಬರ್ಟನ ಎದುರು ಕುಳಿತು, "ಧ್ವನಿ ನಿಮ್ದು, ಅಭಿನಯ ನಂದು. ನೀವು ಪರದೆ ಹಿಂದೆ ನಿಂತು ಹಾಡಿದ್ರೆ ನಾನು ಮುಂದೆ ತುಟಿ ಆಡಿಸ್ತೀನಿ" ಎಂದರು.

"ಟೋಪಿ ನಾನು ಹಾಕುವುದಾ, ನೀವು ಹಾಕುವುದಾ ಡಾಕ್ಟ್ರೇ?"

"ಪರದೆ ಹಿಂದೆ ಟೋಪಿ ಯಾಕ್ರೀ? ನಂಗೇ ಕೊಡಿ."

ಗಿಲ್ಬರ್ಟ್ ಟೋಪಿಯನ್ನೂ ಕೊಟ್ಟ. ಪ್ರತಿ ಭಾನುವಾರ ಈಸ್ಟ್ ಹ್ಯಾಮಿನಲ್ಲಿ ಚರ್ಚಿನ ಪೂಜೆ ಮುಗಿಸಿ, ಸುರಂಗ ರೈಲು ಹಿಡಿದು, ಡಿಸ್ಟ್ರಿಕ್ಟ್ ಲೈನಿನಿಂದ ಜ್ಯೂಬಿಲಿ ಲೈನಿಗೆ ಬದಲಿಸಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಪ್ರಯಾಣ ಮಾಡುತ್ತಿದ್ದ. ಸ್ಟ್ಯಾನ್ಮೋರಿನ ಮನೆಯ ಹಿಂದಿನ ಗಾಜಿನ ಕೋಣೆಯಲ್ಲಿ ರಿಹರ್ಸಲ್. ಡಾಕ್ಟರ ಹಾಡಿನ ಸಾಹಿತ್ಯ ಹೀಗಿತ್ತು: "ಹೇ ತುರಗವೇ, ಮರುಭೂಮಿಯ ಮಾರುತವೇ, ನಿನ್ನ ಖುರಪುಟದ ಧೂಳಿನಲಿ ನನ್ನ ವಿರಹ..." ಗಿಲ್ಬರ್ಟ್ ಅದಕ್ಕೆ ರಾಗ ಕೂಡಿಸಿದ. ಹಾಡಿದಾಗ ಮಾತ್ರ ಅದು ಕೇಳುವಂತಾಯಿತು. ಡಾಕ್ಟರ ತಾಯಿ ವಿಶಾಲಾಕ್ಷಮ್ಮ, ಎಂಬತ್ತೈದರ ಮುದುಕಿ, ಮೂಲೆಯ ಕುರ್ಚಿಯಲ್ಲಿ ಕುಳಿತು ತಾಳ ಹಾಕುತ್ತಿದ್ದರು. ಮರೆವು ಅವರನ್ನು ಅರ್ಧ ಕರೆದುಕೊಂಡು ಹೋಗಿತ್ತು. ಮಗನನ್ನು ಒಮ್ಮೊಮ್ಮೆ ತಮ್ಮ ಅಣ್ಣನೆಂದುಕೊಳ್ಳುತ್ತಿದ್ದರು. ಗಿಲ್ಬರ್ಟನನ್ನು ಮಾತ್ರ ಪ್ರತಿ ವಾರವೂ ಗುರುತು ಹಿಡಿದು, "ಬಂದ್ಯೇನಪ್ಪಾ, ಹಾಡು" ಎನ್ನುತ್ತಿದ್ದರು.

ಮೇ ತಿಂಗಳ ಒಂದು ಭಾನುವಾರ ನಿಧಿ ಅಗೆಯುವ ದೃಶ್ಯದ ಅಭ್ಯಾಸವಿತ್ತು. ಹುಲ್ಲುಹಾಸಿನ ಅಂಚಿನಲ್ಲಿ ಪೆಟ್ಟಿಗೆ ಹೂತು, ಡಾಕ್ಟರು ಅದನ್ನು ಅಗೆದು ತೆಗೆಯಬೇಕು. ಅಗೆಯಲು ಸುಲಭವಾಗಲೆಂದು ಮೊದಲು ಗುಂಡಿ ತೋಡಿಡುವ ಕೆಲಸ ಯಾರದೆಂಬುದಕ್ಕೂ ಚರ್ಚೆಯಾಗಲಿಲ್ಲ. ಮಿಕ್ಕವರು ಚಹಾ ಕುಡಿಯುತ್ತಿದ್ದಾಗ ಗಿಲ್ಬರ್ಟ್ ಸನಿಕೆ ಹಿಡಿದು ಗುಲಾಬಿ ಗಿಡದ ಪಕ್ಕ, ಮಣ್ಣು ಮೆತ್ತಗಿದ್ದ ಕಡೆ ಅಗೆದ. ಮೊಣಕಾಲುದ್ದ ಹೋಗುವಷ್ಟರಲ್ಲಿ ಟಣ್ ಎಂದಿತು. ಒಂದು ಬಿಸ್ಕತ್ತಿನ ಡಬ್ಬಿ. ತುಕ್ಕು ಹಿಡಿದ ಮುಚ್ಚಳ ತೆರೆದರೆ, ಹಳೆಯ ಸೀರೆಯ ತುಂಡಿನೊಳಗೆ ಸರ, ಬಳೆ, ಪದಕ.

"ಡಾಕ್ಟ್ರೇ! ನೀವು ಮೊದಲೇ ಹೂತಿಟ್ಟಿದ್ದೀರಲ್ಲ ಮಾರಾಯ್ರೇ! ಮತ್ತೆ ನನ್ನ ಕೈಯಲ್ಲಿ ಗುಂಡಿ ತೋಡಿಸಿದ್ದು ಎಂತಕ್ಕೆ?"

ಡಾಕ್ಟರು ಚಹಾ ಕಪ್ಪು ಹಿಡಿದೇ ಬಂದು ಬಗ್ಗಿ ನೋಡಿದರು. ತಾಯಿಯ ಕಾಸಿನ ಸರ. ವೈದೇಹಿಯ ಮದುವೆಯ ಬಳೆಗಳು. ಕಪ್ಪನ್ನು ಹುಲ್ಲಿನ ಮೇಲಿಟ್ಟು ಡಬ್ಬಿಯ ಮುಚ್ಚಳ ಮುಚ್ಚಿದರು.

ಮೂರು ವರ್ಷದ ಹಿಂದೆ ಆ ಮನೆಗೆ ಕಳ್ಳರು ನುಗ್ಗಿದ್ದರು. ಟಿವಿ, ಲ್ಯಾಪ್‌ಟಾಪು ಹೋಗಿದ್ದವು. ಬೀರುವಿನಲ್ಲಿ ನೋಡಿದರೆ ಬಂಗಾರವೂ ಇರಲಿಲ್ಲ. ಪೊಲೀಸರು ಬರೆದುಕೊಂಡರು, ವಿಮಾ ಕಂಪನಿ ಒಪ್ಪಿತು, ಹಣ ಬಂತು. ಆ ಹಣದಲ್ಲಿ ಎದ್ದದ್ದೇ ಆ ಗಾಜಿನ ಕೋಣೆ. ಆ ಬೀದಿಯಲ್ಲಿ ನಮ್ಮವರ ಮನೆಗಳಿಗೇ ಗುರಿಯಿಟ್ಟು ಕಳ್ಳತನವಾಗುತ್ತಿದೆಯೆಂದು ಯಾರೋ ಹೇಳಿದ್ದನ್ನು ಕೇಳಿ, ವಿಶಾಲಾಕ್ಷಮ್ಮ ಕಳ್ಳರು ಬರುವುದಕ್ಕೆ ವಾರ ಮೊದಲೇ ಬಂಗಾರವನ್ನೆಲ್ಲ ತೆಗೆದು ಹೂತಿದ್ದರು. ಹೂತದ್ದನ್ನು ಮರೆತಿದ್ದರು.

"ಹೌದು ಹೌದು," ಎಂದರು ಡಾಕ್ಟರು, "ನಾಟಕದ್ದೇ. ರೋಲ್ಡ್ ಗೋಲ್ಡು. ನಿಮ್ಮ ಈಸ್ಟ್ ಹ್ಯಾಮಿಂದಲೇ ತರಿಸಿದ್ದು."

ಅವರು ಸುಳ್ಳು ಹೇಳಿ ಅಭ್ಯಾಸವಿದ್ದವರಲ್ಲ. ಅದಕ್ಕೇ ಅಷ್ಟೊಂದು ವಿವರ ಕೊಟ್ಟರು.

ಕ್ಯಾನರಿ ವಾರ್ಫಿನಲ್ಲಿ ವಕೀಲಿಕೆ ಕಲಿಯುತ್ತಿದ್ದ ಮಗಳು ಸಂಹಿತಾಳಿಗೆ ಅಂದೇ ಸಂಜೆ ವೈದೇಹಿ ಫೋನು ಮಾಡಿದರು. ತಾಯಿ ಕನ್ನಡದಲ್ಲಿ ಅರ್ಧ ಗಂಟೆ ಹೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸಿದಳು: ಆಗ ಹಣ ತೆಗೆದುಕೊಂಡದ್ದು ತಪ್ಪಲ್ಲ, ಈಗ ಬಾಯಿ ಮುಚ್ಚಿಕೊಂಡಿದ್ದರೆ ಅದು ಮೋಸ, ನಾಳೆಯೇ ತಿಳಿಸಿಬಿಡಿ.

"ನಾಟಕ ಮುಗೀಲಿ," ಎಂದರು ಡಾಕ್ಟರು. "ಅಧ್ಯಕ್ಷನಾಗಿದ್ದುಕೊಂಡು ಈಗ ಇದೊಂದು ಗಲಾಟೆ ಬೇಡ."

"ಗಾಜಿನ ಕೋಣೆ ಕೀಳಿಸ್ತಾರೇನ್ರೀ?" ಎಂದರು ವೈದೇಹಿ.

ಅಲ್ಲಿಂದ ಡಾಕ್ಟರಿಗೆ ಗಿಲ್ಬರ್ಟನ ಒಂದೊಂದು ಮಾತೂ ಬೇರೆಯಾಗಿ ಕೇಳಿಸತೊಡಗಿತು. ಮರುದಿನ ಲಿಫ್ಟಿನಲ್ಲಿ, ನಡುವೆ ಮಂಪರಿನಲ್ಲಿದ್ದ ರೋಗಿಯನ್ನಿಟ್ಟುಕೊಂಡು ಗಿಲ್ಬರ್ಟ್ ಹೇಳಿದ, "ಡಬ್ಬಿಯ ವಿಷಯ ಮೆಟಿಲ್ಡಾಳಿಗೆ ಹೇಳಿದೆ ಡಾಕ್ಟ್ರೇ. ಅಸಲಿನ ಹಾಗೇ ಉಂಟು ಅಂದೆ. ಅವಳಿಗೆ ಒಮ್ಮೆ ನೋಡಬೇಕಂತೆ."

"ನೋಡೋಕೇನಿದೆ ಅದರಲ್ಲಿ!"

"ಹೌದು, ಅಡಗಿಸಿಡುವಂಥದ್ದೂ ಎಂತ ಉಂಟು ಅದರಲ್ಲಿ," ಎಂದು ಗಿಲ್ಬರ್ಟ್ ನಕ್ಕ.

ಡಾಕ್ಟರು ಮಧ್ಯಾಹ್ನ ಊಟ ಮಾಡಲಿಲ್ಲ. ಗುರುವಾರ ಮತ್ತೆ ಎದುರಾದಾಗ ಅವನು ತಲೆ ಕೆರೆದುಕೊಂಡು, "ಒಂದು ಮಾತು ಡಾಕ್ಟ್ರೇ. ನನಗೇನೂ ಬೇಡ. ಆದರೆ ಪರದೆಯ ಹಿಂದೆ ನಿಲ್ಲುವುದು ಅಂದರೆ ಮನಸ್ಸಿಗೆ ಸ್ವಲ್ಪ..." ಎಂದು ನಿಲ್ಲಿಸಿದ. ಅವನು ಇಷ್ಟನ್ನೇ ಹೇಳಲು ನಾಲ್ಕು ದಿನ ಧೈರ್ಯ ಕೂಡಿಸಿದ್ದ. ಡಾಕ್ಟರಿಗೆ ಕೇಳಿಸಿದ್ದು, ಎಷ್ಟೋ ಸಿನಿಮಾಗಳಲ್ಲಿ ಖಳನಾಯಕ ಸಿಗರೇಟು ಹಚ್ಚುತ್ತ ಆಡುವ ಮಾತಿನಂತೆ.

"ನೀವೇ ಹೀರೋ," ಎಂದುಬಿಟ್ಟರು.

"ಏನು ಹೇಳ್ತೀರಿ!"

"ಟೋಪಿನೂ ನಿಮ್ದೇ. ನಾನು ಶೆರಿಫ್ ಮಾಡ್ತೀನಿ."

ಶೆರಿಫ್ ಎಂದರೆ ಕಳ್ಳರನ್ನು ಹಿಡಿಯುವವನು. ನಾಟಕದುದ್ದಕ್ಕೂ ಅವನು ನಿಧಿಯ ಪೆಟ್ಟಿಗೆಯ ಪಕ್ಕದಲ್ಲೇ ನಿಲ್ಲುವಂತೆ ಡಾಕ್ಟರು ದೃಶ್ಯಗಳನ್ನು ತಿದ್ದಿ ಬರೆದರು. ಬೇರೆ ಒಡವೆ ತಂದಿಟ್ಟರೆ ಗಿಲ್ಬರ್ಟ್ 'ಹಳೆಯದೆಲ್ಲಿ?' ಎಂದು ಕೇಳುತ್ತಾನೆಂಬ ಭಯಕ್ಕೆ, ಅಸಲಿ ಬಂಗಾರವೇ ನಕಲಿಯ ಪಾತ್ರ ಮಾಡಬೇಕಾಯಿತು.

ಗಿಲ್ಬರ್ಟ್ ಆ ಸಂಜೆ ಈಸ್ಟ್ ಹ್ಯಾಮಿನ ಫ್ಲ್ಯಾಟಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಐವತ್ತೆಂಟನೇ ವಯಸ್ಸಿನಲ್ಲಿ ಯಾರೋ ತನ್ನನ್ನು ನೋಡಿ, ಕೇಳಿ, ಮುಂದೆ ನಿಲ್ಲು ಎಂದಿದ್ದರು. ಮೆಟಿಲ್ಡಾ ಮೀನು ಹುರಿಯುತ್ತಿದ್ದಳು. "ಅಷ್ಟು ದೊಡ್ಡ ಡಾಕ್ಟರು ತನ್ನ ಪಾತ್ರವನ್ನೇ ಬಿಟ್ಟುಕೊಟ್ಟರು" ಎಂದು ಅವನು ಕೊಂಕಣಿಯಲ್ಲಿ ಮೂರು ಸಲ ಹೇಳಿದ. ಅವಳು ಒಲೆ ಸಣ್ಣ ಮಾಡಿ ಅವನ ಮುಖ ನೋಡಿದಳು.

ಪ್ರದರ್ಶನ ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಹ್ಯಾರೋದ ಶಾಲೆಯೊಂದರ ಸಭಾಂಗಣದಲ್ಲಿ. ವೈದೇಹಿ ಬಂಗಾರವನ್ನು ಸೂಪರ್‌ಮಾರ್ಕೆಟ್ಟಿನ ಚೀಲದಲ್ಲಿ, ಮೇಲೆ ಕೊತ್ತಂಬರಿ ಸೊಪ್ಪಿಟ್ಟು ತಂದರು. ಬಣ್ಣದ ಕೋಣೆಯಲ್ಲಿ ಸಹಾಯಕ್ಕೆ ಬಂದಿದ್ದ ಮೆಟಿಲ್ಡಾ ಬಳೆಯೊಂದನ್ನು ಕೈಯಲ್ಲಿ ಹಿಡಿದು ತೂಗಿದಳು. ನಂತರ ಬಾಗಿಲು ಮುಚ್ಚಿ ಬಂದಳು.

"ಅಮ್ಮನವರೇ, ಇದು ರೋಲ್ಡ್ ಗೋಲ್ಡ್ ಅಲ್ಲ."

ವೈದೇಹಿ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿಬಿಟ್ಟರು, ಅತ್ತೆಯ ಮರೆವಿನಿಂದ ಗಾಜಿನ ಕೋಣೆಯವರೆಗೆ.

"ಗಿಲ್ಬರ್ಟ್ ಅವರಿಗೂ ಗೊತ್ತಲ್ವಾ? ಅದಕ್ಕೇ ಅಲ್ವಾ ಇವರು ಪಾತ್ರ..."

"ಅವನಿಗೆಂಥದ್ದೂ ಗೊತ್ತಿಲ್ಲ," ಎಂದಳು ಮೆಟಿಲ್ಡಾ. "ಅವನು ಹಾಡಲಿಕ್ಕೆ ಬಂದದ್ದು. ಇವತ್ತು ಹಾಡಲಿ. ನೀವೂ ಸುಮ್ಮನಿರಿ."

ನಾಟಕ ಕೆಟ್ಟದಾಗಿರಲಿಲ್ಲ. ಡಾಕ್ಟರ ಹಾಸ್ಯಕ್ಕೆ ಯಾರೂ ನಗಲಿಲ್ಲ, ಆದರೆ ಗಿಲ್ಬರ್ಟ್ ಹಾಡಿದಾಗಲೆಲ್ಲ ಸಭಾಂಗಣ ಮೌನವಾಯಿತು. ತುರಗವೂ ಖುರಪುಟವೂ ಅವನ ಬಾಯಲ್ಲಿ ನೋವಿರುವ ಪದಗಳಾದವು. ಶೆರಿಫ್ ಮಾತ್ರ ತನ್ನ ಮಾತುಗಳನ್ನು ಮರೆಯುತ್ತ, ಎರಡು ಕಣ್ಣನ್ನೂ ಪೆಟ್ಟಿಗೆಯ ಮೇಲಿಟ್ಟು ನಿಂತಿದ್ದರು.

ಕೊನೆಯ ದೃಶ್ಯದಲ್ಲಿ ಗಿಲ್ಬರ್ಟ್ ಪೆಟ್ಟಿಗೆ ತೆರೆದು ಕಾಸಿನ ಸರವನ್ನು ಎತ್ತಿ ಹಿಡಿದ. ದೀಪದ ಬೆಳಕಿಗೆ ಅದು ಥಳಥಳ ಹೊಳೆಯಿತು. "ಅಯ್ಯೋ, ತೀರಾ ಡೂಪ್ಲಿಕೇಟು, ನೋಡಿದ್ರೇ ಗೊತ್ತಾಗುತ್ತೆ" ಎಂದು ಎರಡನೇ ಸಾಲಿನಲ್ಲಿ ಯಾರೋ ಅಂದರು. ಆಗ ಮೊದಲ ಸಾಲಿನಿಂದ ವಿಶಾಲಾಕ್ಷಮ್ಮ ಎದ್ದು ನಿಂತರು.

"ಲೋ ವೇಣು! ಅದು ನನ್ನ ಕಾಸಿನ ಸರ ಕಣೋ! ಗುಲಾಬಿ ಗಿಡದ ಬುಡದಲ್ಲಿ ನಾನೇ ಹೂತಿಟ್ಟಿದ್ದು!"

ಸಭೆಯಲ್ಲಿ ನಗೆಯ ಅಲೆ ಎದ್ದಿತು. ಎಂಥ ಐಡಿಯಾ! ಪ್ರೇಕ್ಷಕರ ನಡುವೆ ಮುದುಕಿಯನ್ನು ಕೂರಿಸಿ ನಾಟಕಕ್ಕೆ ಸೇರಿಸಿಬಿಟ್ಟಿದ್ದಾರಲ್ಲ! ಆ ದಿನ ಡಾಕ್ಟರ ಬರವಣಿಗೆಗೆ ಬಿದ್ದ ಮೊದಲ ಚಪ್ಪಾಳೆ ಅದು.

ಗಿಲ್ಬರ್ಟ್ ಮುದುಕಿಯ ಮುಖ ನೋಡಿದ. ಅವನ ಕೈಗಳಲ್ಲಿ ಸರದ ತೂಕವಿತ್ತು. ಶೆರಿಫ್‌ನ ಬಿಳುಚಿದ ಮುಖವನ್ನೂ ನೋಡಿದ. ಆಮೇಲೆ ಗಿಟಾರನ್ನು ಬೆನ್ನಿಗೆ ಸರಿಸಿ, ವೇದಿಕೆಯ ಮೆಟ್ಟಿಲಿಳಿದು, ಹಾಡುತ್ತಲೇ ಹೋಗಿ ಮುದುಕಿಯ ಮುಂದೆ ಮೊಣಕಾಲೂರಿದ. ಸಾಹಿತ್ಯದಲ್ಲಿಲ್ಲದ ಸಾಲು ತಾನಾಗಿ ಬಂತು: "ಅಮ್ಮಾ, ನಿನ್ನದು ನಿನಗೇ ಉಂಟು, ನಾನು ತಂದುಕೊಟ್ಟದ್ದು ಮಾತ್ರ." ಸರವನ್ನು ಅವರ ಕೊರಳಿಗೆ ಹಾಕಿದ. ಇನ್ನೂರು ಫೋನುಗಳು ಮೇಲೆದ್ದವು. ಪರದೆ ಬೀಳುವ ಮೊದಲೇ ಆ ವೀಡಿಯೊ ಬಳಗದ ವಾಟ್ಸಾಪ್ ಗುಂಪಿಗೆ ಹೋಗಿತ್ತು.

ಸೋಮವಾರ ಬೆಳಿಗ್ಗೆ, ಸಂಹಿತಾ ಎದುರಿಗೆ ಕೂತಿರುವಾಗ, ಡಾಕ್ಟರು ವಿಮಾ ಕಂಪನಿಗೆ ಫೋನು ಮಾಡಿದರು. ಕೈಕೋಳ ತಪ್ಪದೆಂದು ನಂಬಿ ಹೊಸ ಶರ್ಟು ಹಾಕಿಕೊಂಡಿದ್ದರು. ಆ ತುದಿಯ ಹುಡುಗಿ, ಇಂಥ ವಿಷಯಕ್ಕೆ ಕರೆ ಮಾಡುವವರು ಅಪರೂಪ, ಯಾವ ಫಾರ್ಮ್ ಎಂದು ಕೇಳಿಬರುತ್ತೇನೆ ಎಂದು ಹೇಳಿ ಮುಕ್ಕಾಲು ಗಂಟೆ ಕಾಯಿಸಿದಳು. ಒಡವೆ ಸಿಕ್ಕಿದ ದಿನಾಂಕವನ್ನು ಡಾಕ್ಟರು ಸರಿಯಾಗಿಯೇ ಹೇಳಿದರು. ತಡವೇಕೆ ಎಂದಾಗ "ನಾಟಕವಿತ್ತು" ಎಂದರು. ಅದನ್ನೂ ಬರೆದುಕೊಂಡರಂತೆ. ಹಣ ಹಿಂದಿರುಗಿಸಬೇಕಾಯಿತು. ಗಾಜಿನ ಕೋಣೆಯನ್ನು ಯಾರೂ ಕೀಳಲಿಲ್ಲ.

ಆದರೆ ಫಾರ್ಮಿಲ್ಲದ ಇನ್ನೊಂದು ತಪ್ಪೊಪ್ಪಿಗೆ ಉಳಿದಿತ್ತು. ವೈದೇಹಿಯಿಂದ ಮೆಟಿಲ್ಡಾಳ ಮಾತು ತಿಳಿದ ಮೇಲೆ ಡಾಕ್ಟರಿಗೆ ನಾಚಿಕೆಯಾಗಿತ್ತು. ಬುಧವಾರ ಥಿಯೇಟರಿನ ಹೊರಗೆ, ಖಾಲಿ ಟ್ರಾಲಿಯ ಪಕ್ಕದಲ್ಲಿ ನಿಂತು ಗಿಲ್ಬರ್ಟನಿಗೆ ಎಲ್ಲ ಹೇಳಿದರು.

ಗಿಲ್ಬರ್ಟ್ ಟ್ರಾಲಿಯ ಹಾಸನ್ನು ಎಳೆದು ಸರಿಮಾಡಿದ. "ಹಾಗಾದರೆ ನನ್ನ ಹಾಡಿಗೆ ಅಲ್ಲ."

"ಹಾಡು ಚೆನ್ನಾಗಿತ್ತು ಗಿಲ್ಬರ್ಟ್. ಎಲ್ಲರೂ ಹೇಳಿದ್ರು."

"ಅದು ಆಮೇಲೆ. ಪಾತ್ರ ಕೊಟ್ಟದ್ದು ಹೆದರಿ." ಅವನು ಬ್ರೇಕು ಬಿಡಿಸಿದ. "ಬಂಗಾರವನ್ನು ನಕಲಿ ಅಂದದ್ದಕ್ಕೆ ನನಗೆ ಬೇಜಾರಿಲ್ಲ ಡಾಕ್ಟ್ರೇ. ನನ್ನನ್ನು ಬೆದರಿಸಿ ಕಸಿಯುವ ಕಳ್ಳ ಅಂದುಕೊಂಡಿರಲ್ಲ, ಅದಕ್ಕೆ."

ಲಂಡನ್ನಿನ ಆ ಬೇಸಿಗೆಯಲ್ಲಿ ಅವನು ಮತ್ತೆ ಲಿಫ್ಟಿನಲ್ಲಿ ಹಾಡಲಿಲ್ಲ. ಎರಡು ಮದುವೆಗಳಿಗೆ ಗಂಟಲು ಸರಿಯಿಲ್ಲವೆಂದ. ಅರಿವಳಿಕೆಯ ಕೋಣೆಗೆ ರೋಗಿಗಳು ಪೂರ್ತಿ ಎಚ್ಚರವಾಗಿ, ನಡುಗುತ್ತ ಬಂದರು. ಡಾಕ್ಟರು ಅವರನ್ನು ಸಮಾಧಾನ ಮಾಡಲು ಹವಾಮಾನದ ಮಾತೆತ್ತಿ ನೋಡಿದರು, ಅದು ಹಿಡಿಯಲಿಲ್ಲ. "ನೀನು ಹಾಡದಿದ್ದರೆ ಡಾಕ್ಟರಿಗೆ ಶಿಕ್ಷೆಯಲ್ಲ, ಆ ಪಾಪದ ರೋಗಿಗಳಿಗೆ" ಎಂದು ಮೆಟಿಲ್ಡಾ ಒಂದು ದಿನ ಗದರಿಸಿದ ಮೇಲೆ ಅವನು ಗುನುಗಲು ಶುರುಮಾಡಿದ.

ಮುಂದಿನ ಜನವರಿಯಲ್ಲಿ ಬಳಗ ಹೊಸ ಸಂಗೀತ ನಾಟಕ ಕೈಗೆತ್ತಿಕೊಂಡಿತು. ಡಾಕ್ಟರು ಸ್ವತಃ ಈಸ್ಟ್ ಹ್ಯಾಮಿಗೆ ಬಂದು, ಸೋಫಾದ ಅಂಚಿನಲ್ಲಿ ಕುಳಿತು, ಮುಖ್ಯ ಪಾತ್ರ ನೀವೇ ಮಾಡಬೇಕೆಂದು ಬೇಡಿಕೊಂಡರು.

"ಹಾಗೆ ಬೇಡ," ಎಂದ ಗಿಲ್ಬರ್ಟ್. "ಪರೀಕ್ಷೆ ಮಾಡಿ. ಬೇರೆಯವರ ಜೊತೆ ನಿಲ್ಲಿಸಿ, ಕೇಳಿ, ಆಮೇಲೆ ಹೇಳಿ."

ಬಳಗದ ಇತಿಹಾಸದಲ್ಲೇ ಮೊದಲ ಬಾರಿಗೆ ಆಡಿಷನ್ ನಡೆಯಿತು. ತೀರ್ಪುಗಾರರಾಗಿ ಹೊರಗಿನಿಂದ ಒಬ್ಬ ಸಂಗೀತ ಶಿಕ್ಷಕಿಯನ್ನು ಕರೆಸಿದ್ದರು. ನಾಟಕ ಶುದ್ಧ ಶಾಸ್ತ್ರೀಯ ಸಂಗೀತದ್ದು. ಗಿಲ್ಬರ್ಟ್ ಮನಸ್ಸಿಟ್ಟು ಹಾಡಿದ; ಶಿಕ್ಷಕಿ ಕಣ್ಣು ಮುಚ್ಚಿ ಕೇಳಿ, ಶ್ರುತಿ ಚೆನ್ನಾಗಿದೆ, ಗಮಕವಿಲ್ಲ ಎಂದು ಬರೆದರು. ಮುಖ್ಯ ಪಾತ್ರ ಹಲ್ಲಿನ ಡಾಕ್ಟರ್ ಮಧುಸೂದನ್ ಅವರ ಪಾಲಾಯಿತು. ಗಿಲ್ಬರ್ಟನಿಗೆ ಕೋರಸ್ಸಿನಲ್ಲಿ, ಎಡಗಡೆಯಿಂದ ಎರಡನೆಯ ಜಾಗ ಸಿಕ್ಕಿತು.

ಡಾಕ್ಟರು ಕ್ಷಮೆ ಕೇಳುವ ದನಿ ಮಾಡಿಕೊಂಡು ಫೋನಿನಲ್ಲಿ ವಿಷಯ ತಿಳಿಸಿದರು.

"ಎರಡನೆಯದಾ?" ಎಂದ ಗಿಲ್ಬರ್ಟ್. "ಎಷ್ಟು ಮಂದಿ ಬಂದಿದ್ದರು ಕೋರಸ್ಸಿಗೆ?"

"ಹದಿನಾಲ್ಕು ಜನ. ಆರು ಜನರನ್ನ ತಗೊಂಡಿದಾರೆ."

ಅವನು ಫೋನಿಗೆ ಕೈ ಅಡ್ಡ ಹಿಡಿದು, ಅಡುಗೆಮನೆಯ ಕಡೆಗೆ ತಿರುಗಿ, ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿ ಹೇಳಿದ: "ಮೆಟಿಲ್ಡಾ, ನಾನು ಪಾಸು!"