ಸಿಹಿಬಾವಿಗೆ ಉಪ್ಪು ಬಂದದ್ದು

ನಮ್ಮ ಕರಕುಮ್ ಮರಳುಗಾಡಿನಲ್ಲಿ ನೀರಿಲ್ಲವೆನ್ನುವವರು ಅಗೆದು ನೋಡದವರು. ನೀರಿದೆ, ಆದರೆ ಉಪ್ಪು. ಕುರಿ, ಒಂಟೆ ಕುಡಿಯುತ್ತವೆ. ಮನುಷ್ಯ ಕುಡಿದರೆ ಹೊಟ್ಟೆ ಕೆಡುತ್ತದೆ. ಚಳಿ ಕಳೆದ ಮೇಲೆ ಬೀಳುವ ನಾಲ್ಕು ಹನಿ ಮಳೆ ಗಟ್ಟಿ ಜೇಡಿಮಣ್ಣಿನ ಬಯಲಲ್ಲಿ ಹರಿದು, ತಗ್ಗಿನ ಮರಳಲ್ಲಿ ಇಂಗಿ, ಆ ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಅದೇ ನಮ್ಮ ಸಿಹಿಬಾವಿ. ಬೆಳಿಗ್ಗೆ ಮನೆಗೆ ಬೇಕಾದಷ್ಟು ಸೇದಿ, ಆಮೇಲೆ ಬಾವಿಯನ್ನು ಅದರ ಪಾಡಿಗೆ ಬಿಡಬೇಕು. ಆಸೆಬುರುಕರಂತೆ ಎಳೆದರೆ ಕೆಳಗಿನ ಉಪ್ಪು ಮೇಲೇಳುತ್ತದೆ. ಇದು ಇಲ್ಲಿನ ಎಳೆಮಗುವಿಗೂ ಗೊತ್ತು. ತಿರ್ಕೆಶನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಆದರೆ ಪಟ್ಟಣದಿಂದ ಹೊಸ ಮೋಟಾರು ತಂದಿದ್ದ. ತಂದವನು ಮೂಲೆಯಲ್ಲಿಟ್ಟು ಪೂಜೆ ಮಾಡುತ್ತಾನೆಯೇ? ಊರಿಗೆ ಊರೇ ಪಕ್ಕದ ಹಳ್ಳಿಯ ಮದುವೆಗೆ ಹೋದಾಗ ಬೆನ್ನುನೋವಿನ ನೆಪ ಹೇಳಿ ಉಳಿದುಕೊಂಡ; ಆರೈಕೆಗೆಂದು ಹೆಂಡತಿಯೂ ಉಳಿದಳು. ಒಂಟೆ ಕಟ್ಟಿ ಉಪ್ಪುಬಾವಿಯಿಂದ ನೀರೆಳೆಯುವ ಕಷ್ಟ ತಪ್ಪಲೆಂದು ಸಿಹಿಬಾವಿಗೇ ಪೈಪು ಇಳಿಸಿ ಕುರಿಗಳ ತೊಟ್ಟಿ ತುಂಬಿಸತೊಡಗಿದ.

"ಸಾಕು, ನಿಲ್ಸಿ," ಎಂದಳು ಹೆಂಡತಿ ಒಗುಲ್ಬಿಕೆ.

"ಇನ್ನೊಂಚೂರು ಕಣೇ. ಬಾವಿ ಏನು ಎದ್ದು ಓಡಿಹೋಗುತ್ತಾ?"

ಅವಳು ಮತ್ತೆ ಹೇಳಲಿಲ್ಲ. ಮರುದಿನ ಪ್ರತಿ ಮನೆಯ ಚಹಾವೂ ಉಪ್ಪಾಗಿತ್ತು.

ಊರಿನ ಕಣ್ಣೆಲ್ಲ ತಿರ್ಕೆಶನ ಅಪ್ಪ ಗಾರ್ಲಿಯ ಮೇಲೆ ಬಿತ್ತು. ಬಾವಿ ತೋಡುವುದರಲ್ಲಿ ಅವನಿಗೆ ಸಮನಿರಲಿಲ್ಲ. ಮಳೆಗೆ ಮುಂಚೆ ಈ ಬಾವಿಗಿಳಿದು ಕೆಸರೆತ್ತಿದವನೂ ಅವನೇ. ಯಾರಾದರೂ ಬಾಯಿಬಿಡುವ ಮೊದಲೇ ಮುದುಕ ತಲೆ ತಗ್ಗಿಸಿದ.

"ನಂದೇ ತಪ್ಪು. ಕೆಸರು ತೆಗಿಯೋವಾಗ ಒಂದು ಗೇಣು ಜಾಸ್ತಿ ಅಗೆದುಬಿಟ್ಟೆ ಅನ್ಸುತ್ತೆ. ಕಣ್ಣು ಮಂಜಾಗಿದೆ."

"ವಯಸ್ಸಾದ್ಮೇಲೆ ಗಡ್ಡ ಬಾಚ್ಕೊಂಡು ಮನೇಲಿ ಕೂತಿರ್ಬೇಕಪ್ಪ," ಎಂದಳು ಪಕ್ಕದ ಮನೆಯ ಅಮನ್‌ತಾಚ್, ಎಲ್ಲರಿಗೂ ಕೇಳುವಂತೆ. ಅವಳ ನಾಲಿಗೆಗೆ ಬರಗಾಲವೆಂಬುದೇ ಇಲ್ಲ.

ಪಟ್ಟಣದಿಂದ ಟ್ಯಾಂಕರ್ ನೀರು ಬಂತು. ಗಾರ್ಲಿ ಅದನ್ನು ಮುಟ್ಟಲಿಲ್ಲ. "ನಾನು ಮಾಡಿದ್ದನ್ನ ನಾನೇ ಕುಡಿತೀನಿ," ಎಂದು ಆ ಉಪ್ಪುನೀರಿನ ಚಹಾವನ್ನೇ ಕೇಳಿದ.

ಬಗ್ಗಿಸಿ ಕೊಡುವವಳು ಒಗುಲ್ಬಿಕೆ. ನಮ್ಮಲ್ಲಿ ಸೊಸೆ ಮಾವನೆದುರು ಮಾತಾಡುವಂತಿಲ್ಲ. ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಇರಬೇಕು. ಮದುವೆಯಾದಾಗಿನಿಂದ ಅವಳ ಮಾತು ಮಾವನಿಗೆ ಮುಟ್ಟುತ್ತಿದ್ದುದು ಮಕ್ಕಳ ಬಾಯಿಂದ. ಎಷ್ಟೋ ಸಲ ಶಪಿಸಿದ್ದ ಆ ಬಟ್ಟೆಯ ಹಿಂದೆ ಈಗ ಅವಳು ಹಾಯಾಗಿ ಅಡಗಿದ್ದಳು. ಹಾಯೆಲ್ಲಿ ಬಂತು? ಮುದುಕ ಮುಖ ಕಿವುಚದೆ ಒಂದೊಂದು ಗುಟುಕು ನುಂಗುವಾಗಲೂ ಅವಳು ಆ ಬಟ್ಟೆಯನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚುತ್ತಿದ್ದಳು.

ಒಲೆಯ ಹತ್ತಿರ ಗಂಡನನ್ನು ಹಿಡಿದು ನಿಲ್ಲಿಸಿದಳು. "ಇವತ್ತಾದ್ರೂ ಹೇಳಿ ಅಪ್ಪಂಗೆ."

"ಹೇಳ್ತೀನಿ. ಸ್ವಲ್ಪ ತಣ್ಣಗಾಗ್ಲಿ."

"ಚಹಾ ತಣ್ಣಗಾಗೋದು ನೋಡಿದೀನಿ. ಉಪ್ಪು ತಣ್ಣಗಾಗೋದು ನೋಡಿಲ್ಲ."

ತಿರ್ಕೆಶ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಇಟ್ಟು ಎದ್ದುಹೋದ. ಅವನಿಗೂ ಅನ್ನನೀರು ಸೇರುತ್ತಿರಲಿಲ್ಲ, ಪಾಪ.

ಶುಕ್ರವಾರ ಗಾರ್ಲಿ ಹಗ್ಗ ತೆಗೆದುಕೊಂಡು ಬಾವಿಗೆ ಹೊರಟ. ಹೆಚ್ಚಾಗಿ ಅಗೆದದ್ದನ್ನು ತಾನೇ ಇಳಿದು ಮರಳು ತುಂಬಿ ಮುಚ್ಚುತ್ತಾನಂತೆ. ಬಾವಿಯ ಗೋಡೆ ಮುಟ್ಟಿದರೆ ಉದುರುತ್ತಿತ್ತು. ಊರು ಸುತ್ತ ನಿಂತಿತು. ತಿರ್ಕೆಶ ಅಪ್ಪನ ಸೊಂಟಕ್ಕೆ ಹಗ್ಗ ಕಟ್ಟಿದ. ಕಟ್ಟಿದ ಗಂಟನ್ನೇ ಮತ್ತೊಮ್ಮೆ ಬಿಗಿದ. ಗಾರ್ಲಿ ಒಂದು ಕಾಲನ್ನು ಬಾವಿಯೊಳಗೆ ಇಳಿಬಿಟ್ಟ.

ಒಗುಲ್ಬಿಕೆ ಬಾಯಲ್ಲಿದ್ದ ಬಟ್ಟೆಯನ್ನು ಉಗಿದಳು.

"ಮಾವಾ, ಇಳೀಬೇಡಿ! ನೀವು ಅಗೆದಿದ್ದು ಸರಿಯಾಗೇ ಇದೆ. ಬಾವಿಗೆ ಮೋಟಾರು ಇಳಿಸಿದ್ದು ನಿಮ್ಮ ಮಗ. ನಾನು ನೋಡ್ತಾ ನಿಂತಿದ್ದೆ."

ಹೆಂಗಸರು ಕೆನ್ನೆಗೆ ಕೈಯಿಟ್ಟುಕೊಂಡರು. ಮೋಟಾರಿನ ಸುದ್ದಿಗಿಂತ ಸೊಸೆ ಮಾವನೊಡನೆ ಮಾತಾಡಿದ್ದೇ ಅವರಿಗೆ ಹೆಚ್ಚಾಗಿತ್ತು. ತಿರ್ಕೆಶ ಮರಳಲ್ಲಿ ಮಂಡಿಯೂರಿ, "ಅಪ್ಪಾ..." ಎಂದಷ್ಟೇ ಅಂದ.

ಗಾರ್ಲಿ ಕಾಲನ್ನು ಹೊರಗೆಳೆದುಕೊಂಡ. ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಮಗ ಸಹಾಯಕ್ಕೆ ಕೈ ಚಾಚಿದಾಗ ತಳ್ಳಿದ.

"ಬಿಡು. ಆ ಕೈ ನಂಬಿ ಇಳೀತಿದ್ದೆ ನಾನು."

ಆಮೇಲೆ ಸೊಸೆಯ ಕಡೆ ತಿರುಗಿದ. ಕೋಪವಿರಲಿಲ್ಲ, ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಇಷ್ಟು ದಿನ ಆ ಚಹಾನ ನಿನ್ನ ಕೈಯಾರೆ ಕೊಟ್ಟೆಯಲ್ಲಮ್ಮಾ," ಎಂದ. "ಒಂದು ಮಾತು ಆಡಬಾರ್ದಿತ್ತಾ?"

ಈಗ ಅವಳ ಬಾಯಿಗೆ ಏನೂ ಅಡ್ಡವಿರಲಿಲ್ಲ. ಆದರೂ ಅವಳ ಕೈ ಆ ತಲೆವಸ್ತ್ರದ ತುದಿಯನ್ನೇ ಹುಡುಕಿತು.