ಹಿಂದಕ್ಕೆ ಸರಿಯುವ ಟಗರು

ಬೇವಿನೆಣ್ಣೆಯ ವಾಸನೆ, ಫಿನಾಯಿಲ್ ಹಾಕಿ ಒರೆಸಿದ ಈ ಅಥಣಿಯ ಆಸ್ಪತ್ರೆಯ ಬೆಂಚಿನವರೆಗೂ ಬಂದುಬಿಟ್ಟಿದೆ, ನನ್ನ ಸೆರಗಿನಿಂದಲೋ ಎಂದು ಮೂಸಿ ನೋಡಿದೆ, ಅಲ್ಲ, ತೊಡೆಯ ಮೇಲಿನ ಫೈಲಿನಿಂದ — ಹಳದಿ ರಟ್ಟಿನ ಮೂಲೆಯಲ್ಲಿ ನನ್ನ ಗಂಡ ಮಾಳೇಶನ ಹೆಬ್ಬೆರಳಿನ ಎಣ್ಣೆಗುರುತು, ಬೆಳಿಗ್ಗೆ ಟಗರಿನ ಕೊಂಬಿಗೆ ಎಣ್ಣೆ ತಿಕ್ಕಿದ ಕೈಯನ್ನು ತೊಳೆಯದೆಯೇ ನನ್ನ ರಿಪೋರ್ಟು ಹಿಡಿದುಕೊಂಡು ಬೈಕು ಹತ್ತಿದ್ದ, ಎಷ್ಟು ಚೆನ್ನಾಗಿ ಮೂಡಿದೆ ಗುರುತು, ಹೊಟ್ಟೆಯಲ್ಲಿರುವ ನಾಲ್ಕು ತಿಂಗಳಿನದರ ಮೇಲೆ ಅಪ್ಪ ಒತ್ತಿದ ಮೊದಲ ಮೊಹರು. ಮಾಳೇಶ, ಮಾಳೇಶ, ಮಾಳೇಶ. ಗಂಡನ ಹೆಸರು ಬಾಯಲ್ಲಿ ಬರಬಾರದು ಅನ್ನುತ್ತಾಳೆ ಅತ್ತೆ ಹೊಳೆವ್ವ, ಬಂದಿಲ್ಲ, ನನ್ನ ಬಾಯಲ್ಲಿ ಬರುವುದಾದರೂ ಏನು, ಹೂಂ, ಬಂದೆ, ಬಡಿಸ್ಲೇನ್ರಿ. ಉಳಿದದ್ದೆಲ್ಲ ಜೋಳದ ಚೀಲದ ಹಿಂದಿರುವ ಡೈರಿಯಲ್ಲಿ, ನಿಪ್ಪಾಣಿಗೆ ಹೋಗಿ ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನ. ಅವನು ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ ಕೂಗುತ್ತಿದ್ದಾನೆ, ಮೂರಕ್ಕ ಅಂದ್ರ ಮೂರಕ್ಕ ಬರ್ತೀನಿ ಲೇ, ಬಿಜಲೀನ್ನ ನೆಳ್ಳಿಗೆ ಕಟ್ಟ್ರಿ, ಇಲ್ಲೊಂದ ಸಣ್ಣ ಕೆಲಸ ಐತಿ, ಮುಗಿಸ್ಕೊಂಡ ಬಂದಬಿಡ್ತೀನಿ. ಸಣ್ಣ ಕೆಲಸ. ಇಲ್ಲೇ ಹತ್ತಿರದ ಅನಂತಪುರದಲ್ಲಿ ಇವತ್ತು ಟಗರಿನ ಕಾಳಗ, ಅವನ ಟಗರು ಬಿಜಲಿ ಗುದ್ದುವುದಿದೆ, ಅದು ದೊಡ್ಡ ಕೆಲಸ. ಎದುರಿನ ಗೋಡೆಯ ಮೇಲೆ, ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ ಎಂಬ ಹಳೆಯ ಬೋರ್ಡು, ಅದರ ಕೆಳಗೇ ಹೊಸದು, ನಿಮ್ಮ ಮಗುವಿನ ಸ್ವಭಾವ ಮೊದಲೇ ತಿಳಿಯಿರಿ, ಎರಡೂ ಒಂದೇ ಬಣ್ಣ, ಒಂದೇ ಅಳತೆ, ನಗು ಬರುತ್ತದೆ, ನಗುವುದಿಲ್ಲ.

ಪರೀಕ್ಷೆ ಬೇಕೆಂದವಳು ಹೊಳೆವ್ವ. ಮಾಳೇಶನ ಚಿಕ್ಕಪ್ಪನ ಮಗ ಸಂಗ್ರಾಮ ಹೋದ ವರ್ಷ ಕಾಳಗದಲ್ಲಿ ಸೋತ ಸಿಟ್ಟಿಗೆ, ಗೆದ್ದ ಟಗರಿನವನ ತಲೆ ಒಡೆದು ಜೈಲು ಸೇರಿದ, ಆ ರಕ್ತ ಅವರ ಮನಿತನದಾಗ ಐತಿ ಎಂದು ನಮ್ಮೂರು ಐಗಳಿಯ ನಲ್ಲಿಯ ಹತ್ತಿರ ಹೆಂಗಸರು ಅಂದದ್ದು ಅವಳ ಕಿವಿಗೆ ಬಿತ್ತು. ನಮ್ಮಿಬ್ಬರ ರಕ್ತ ತೆಗೆದರು, ನನ್ನ ಹೊಟ್ಟೆಗೂ ಸೂಜಿ ಹಾಕಿದರು, ಸೂಜಿ ಕಂಡು ಮಾಳೇಶ ಮುಖ ತಿರುಗಿಸಿದ, ಟಗರಿನ ಕಿವಿಯಿಂದ ರಕ್ತ ಇಳಿದರೆ ಶಿಳ್ಳೆ ಹೊಡೆಯುವವನು. ಹದಿನೈದು ದಿನಕ್ಕೆ ಕಾಗದ ಬಂತು, ಡಾಕ್ಟರ್ ತ್ರಿಶಲಾ ಕನ್ನಡಕ ಏರಿಸಿಕೊಂಡು ಓದಿದರು, ನಿಮ್ಮ ಮನಿಯವರದು ಸ್ವಚ್ಛ ಐತ್ರಿ, ಏನೂ ಇಲ್ಲ, ಹೊಡ್ಯೂ ಸ್ವಭಾವದ ಗುರ್ತು ತಾಯಿ ಕಡಿಂದ ಕೂಸಿಗೆ ಬಂದೈತಿ, ದೊಡ್ಡದಾದ ಮ್ಯಾಲ ಕೈ ಎತ್ತೂ ಸಾಧ್ಯತಾ ನೂರಕ್ಕ ಎಂಬತ್ತು, ಸಾಧ್ಯತಾ ಅಷ್ಟರಿ, ಇದೇನ ಪಂಚಾಂಗ ಅಲ್ಲ. ಮಾಳೇಶ ಕುರ್ಚಿಯಲ್ಲಿ ಹಿಗ್ಗಿದ, ಎಂಬತ್ತಂದ್ರ ಫಸ್ಟ್ ಕ್ಲಾಸ್ ಆತಲ್ರಿ ಮೇಡಂ, ಇಕಿ ಬಿ.ಎ.ದಾಗೂ ಅಷ್ಟ ತಗೊಂಡಿಲ್ಲ. ಮೇಡಂ ನಗಲಿಲ್ಲ, ನಾನು ನೆಲದ ಟೈಲ್ಸ್ ನೋಡುತ್ತಿದ್ದೆ. ಸ್ವಚ್ಛ. ಅವತ್ತೇ ಮನೆಯಲ್ಲಿ ಪಲ್ಲೆಗೆ ಉಪ್ಪು ಕಡಿಮೆಯಾಯಿತೆಂದು ಆ ಸ್ವಚ್ಛ ಕೈ ಕೊಟ್ಟ ಏಟಿಗೆ ನನ್ನ ಓಲೆಯ ತಿರುಪು ಕಿವಿಯ ಹಿಂದೆ ನೆಟ್ಟಿತು, ಇನ್ನೂ ಕೀವು ಒಣಗಿಲ್ಲ, ಹೊಡೆದವನಿಗೆ ಮತ್ತೊಂದು ಬಿಸಿ ರೊಟ್ಟಿ, ಮುಂದೆಂದೋ ಹೊಡೆಯಬಹುದಾದದ್ದಕ್ಕೆ ಗರ್ಭ ತೆಗೆಸುವ ಫಾರಮ್ಮು. ಮಾವ ಮಾಳಸಿದ್ದನನ್ನು ನೋಡಬೇಕಿತ್ತು. ಬಿಜಲಿಯನ್ನು ಕೊಳ್ಳುವಾಗ ಅದರ ಅಪ್ಪ ಯಾವುದು, ಅಜ್ಜ ಯಾವುದು, ಎಷ್ಟು ಟಗರು ಕೆಡವಿವೆ ಎಂದೆಲ್ಲ ಕೇಳಿದ್ದ, ತಾಯಿಯನ್ನು ಮಾತ್ರ ಕೇಳಿರಲಿಲ್ಲ, ಕುರಿದೇನ ಕೇಳ್ತೀರಿ, ಅದೊಂದ ಚೀಲ ಇದ್ದಂಗ, ಗುದ್ದೂದೆಲ್ಲಾ ಟಗರಿಂದ ಬರ್ತೈತಿ, ಅದು ಅವನ ಶಾಸ್ತ್ರ, ಊರೂರಿನಿಂದ ಕುರಿ ಹೊಡೆದುಕೊಂಡು ಬರುವವರೆಲ್ಲ ತಲೆಯಾಡಿಸುವ ಶಾಸ್ತ್ರ. ಕಾಗದ ಬಂದ ದಿನ ಪಟಗ ತೆಗೆದು ತಲೆ ಕೆರೆದುಕೊಂಡ, ಹೆಣ್ಣಿನ ಕಡಿಂದ ಹೆಂಗ ಬರ್ತೈತ್ಲೇ, ಆ ಡಾಕ್ಟರಮ್ಮ ಉಲ್ಟಾ ಓದಿರಬೇಕ. ಒಂದು ಕಪ್ಪು ಚಹಾ, ಒಂದು ಬೀಡಿ, ಅರ್ಧ ಗಂಟೆ, ಆಮೇಲೆ ಅದೇ ಬಾಯಿ, ಬೇಡಕಿಹಾಳದ ಹೆಣ್ಣ ಬ್ಯಾಡ ಅಂತ ನಾ ಮದಲ ಹೇಳಿದ್ನಿ. ಮುದುಕ ಒಂದು ಜನ್ಮ ನಂಬಿದ್ದನ್ನು ಬೀಡಿ ಆರುವುದರೊಳಗೆ ಬಿಟ್ಟುಕೊಟ್ಟ, ನನ್ನ ಮೇಲೆ ಹಾಕಲು ಸಿಕ್ಕಿತಲ್ಲ, ಅದಕ್ಕೆ. ಮತ್ತೆ ಎದ್ದು ಬಿಜಲಿಗೆ ಹಾಲು ಕುಡಿಸಲು ಹೋದ, ಉತ್ತತ್ತಿ, ಕುದಿಸಿದ ತತ್ತಿ, ಹಣೆಗೆ ಭಂಡಾರ, ಗುದ್ದುತ್ತದೆ ಎಂಬ ಕಾರಣಕ್ಕೆ ಅದಕ್ಕಿಷ್ಟು ಪೂಜೆ, ಗುದ್ದಬಹುದು ಎಂಬ ಕಾರಣಕ್ಕೆ ಹೊಟ್ಟೆಯಲ್ಲಿರುವುದಕ್ಕೆ ಈ ಆಸ್ಪತ್ರೆ. ಗುದ್ದುವ ಮೊದಲು ಬಿಜಲಿ ಹಿಂದಕ್ಕೆ ಸರಿಯುತ್ತದೆ, ಹಿತ್ತಲಲ್ಲಿ ಒಮ್ಮೆ ನೋಡಿದ್ದೇನೆ, ತಲೆ ತಗ್ಗಿಸಿ, ಹೆದರಿದ ಹಾಗೆ, ಒಂದು ಹೆಜ್ಜೆ, ಎರಡು ಹೆಜ್ಜೆ, ಗೊತ್ತಿಲ್ಲದವರು ಸೋತಿತು ಅಂದುಕೊಳ್ಳುತ್ತಾರೆ.

ಆದರೆ ನನ್ನಲ್ಲಿ ಆ ಗುರುತು, ನನ್ನಲ್ಲಿ, ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ಸಾರಿ ಅನ್ನುವವಳಲ್ಲಿ — ಅವ್ವನಿಂದ ಬಂದಿರಬೇಕು, ನನ್ನ ಹಡೆದವ್ವ ಅಕ್ಕುತಾಯಿಯಿಂದ. ಕಬ್ಬು ಕಡಿಯುವ ಹಂಗಾಮು, ನನಗೆ ಒಂಬತ್ತು ವರ್ಷ, ಟ್ರ್ಯಾಕ್ಟರಿನವನು ಹೊರೆ ಎತ್ತಿಕೊಡುವ ನೆಪದಲ್ಲಿ ಕೂಲಿಯವಳೊಬ್ಬಳ ಸೊಂಟಕ್ಕೆ ಕೈ ಹಾಕಿದ, ಅವ್ವ ಒಂದು ಹಸಿ ಕಬ್ಬು ಎತ್ತಿದಳು, ಒಂದೇ ಏಟು, ಅವನ ಹೆಗಲ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಅವಳು ಆ ಕಬ್ಬನ್ನು ಮತ್ತೆ ಹೊರೆಗೆ ಸೇರಿಸಿ ಕಟ್ಟಿದಳು. ಹುಚ್ಚಿ ಮಗಳು ಬಂದ್ಲು ನೋಡ್ರಿ, ಶಾಲೆಯಲ್ಲಿ ಹಾಗಂದರು, ಅವತ್ತಿನಿಂದ ನಾನು ಮೆತ್ತಗಾದೆ, ಗೋಡೆಗೆ ಒತ್ತಿಕೊಂಡು ನಡೆದೆ, ಕರೆದರೆ ಹಿಂದೆ ಸರಿದೆ, ಇವರೆಲ್ಲ ಹೆಣ್ಣು ನೋಡಲು ಬಂದಾಗ ಹುಡುಗಿ ಭಾಳ ಸೌಮ್ಯ ಅದಾಳ ಎಂದು ಖುಷಿಪಟ್ಟರು. ಸಂಗ್ರಾಮನ ಏಟಿಗೂ ನನ್ನ ಅವ್ವನ ಏಟಿಗೂ ಈ ಕಾಗದದಲ್ಲಿ ಒಂದೇ ಗುರುತು, ಯಾರನ್ನು, ಯಾಕೆ ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ, ಎಂಥ ದೊಡ್ಡ ವಿದ್ಯೆ, ಮಾಳಸಿದ್ದನ ಶಾಸ್ತ್ರಕ್ಕೆ ಬಿಳಿ ಕೋಟು ತೊಡಿಸಿದ ಹಾಗೆ. ಒಬ್ಬಳನ್ನು ಮಾತ್ರ ನನಗೆ ಹೀಗಳೆಯಲು ಆಗುತ್ತಿಲ್ಲ. ಬೆಳಿಗ್ಗೆ ಒಲೆಯ ಮುಂದೆ ಹೊಳೆವ್ವ ನನ್ನ ಕೈ ಹಿಡಿದು ಅಂದಳು, ನನ್ನ ಬಾಯಾಗ ಎರಡ ಹಲ್ಲ ಇಲ್ಲ ನೋಡ ಯವ್ವಾ, ಒಂದ ಇವರಪ್ಪನ ಕೈಯಾಗ ಹೋತು, ಒಂದ ಇವನ ಕೈಯಾಗ, ಹೆತ್ತ ಮಗನ ಕೈಯಾಗ, ಆಗ ಇಂಥಾ ಪೇಪರ್ ಇದ್ದಿದ್ರ ನಾ ಕಣ್ಣ ಮುಚ್ಚಿ ಹೆಬ್ಬಟ್ಟ ಒತ್ತತಿದ್ನಿ, ನನ್ನಂಗ ನೀ ಆಗಬ್ಯಾಡ. ಅವಳ ಕೈಯ ಹಿಟ್ಟು ನನ್ನ ಕೈಗೂ ಅಂಟಿತು. ಅತ್ತೀ, ಆ ಪೇಪರ್ ಇದ್ದಿದ್ದರೂ ನಿಮ್ಮ ಮಗನದು ಸ್ವಚ್ಛ ಅಂತಲೇ ಬರುತ್ತಿತ್ತು, ನೀವು ಪೇಢೆ ಹಂಚುತ್ತಿದ್ದಿರಿ, ಆ ಹಲ್ಲು ಹೋಗಿಯೇ ಹೋಗುತ್ತಿತ್ತು — ಹೇಳಲಿಲ್ಲ, ರೊಟ್ಟಿ ತಿರುವಿ ಹಾಕಿದೆ. ಆದರೂ ನಿಜವಾಗಿಯೇ ಎತ್ತಿದರೆ, ನಾಳೆ ಇದು ನನ್ನ ಮೇಲೇ ಕೈ ಎತ್ತಿದರೆ, ಇನ್ನೊಬ್ಬರ ಮನೆಯ ಹೆಣ್ಣಿನ ಮೇಲೆ ಎತ್ತಿದರೆ, ಆಗ ನಾನೂ ಬಿಸಿ ರೊಟ್ಟಿ ಬಡಿಸುತ್ತೇನೆಯೇ, ಎಂಬತ್ತರ ಪ್ರಶ್ನೆ ಅದಲ್ಲವೇ, ಹುಟ್ಟಿದ್ದಕ್ಕೆ ರೊಟ್ಟಿ ಬಡಿಸುವವರು ಯಾರು ಎಂಬುದು, ಅದನ್ನು ಯಾವ ಸೂಜಿ ಹೇಳುತ್ತದೆ. ನನಗೇ ಬೇಡ ಅನಿಸಿದ್ದರೆ ನಾನೇ ಬರುತ್ತಿದ್ದೆ, ಒಬ್ಬಳೇ ಬಸ್ಸು ಹತ್ತಿ, ಯಾರ ಕಾಗದವನ್ನೂ ಹಿಡಿಯದೆ, ನಾಚಿಕೆಯಿಲ್ಲದೆ ಸಹಿ ಹಾಕುತ್ತಿದ್ದೆ. ಬೇಡ ಅನಿಸಿಲ್ಲ, ಒಂದು ದಿನವೂ, ಡೈರಿಯಲ್ಲಿ ಹುಡುಕಿ ನೋಡಿದೆ.

ಸೋನಾಲಿ ಮಾಳೇಶ ಯಾರ್ರಿ, ಸಿಸ್ಟರ್ ಬಾಗಿಲಲ್ಲಿ. ಒಳಗೆ ಟೇಬಲ್ಲು, ಟೇಬಲ್ಲಿನ ಮೇಲೆ ಫಾರಮ್ಮು, ಡಾಕ್ಟರ್ ತ್ರಿಶಲಾ ಪೆನ್ನನ್ನು ಮಾಳೇಶನ ಕೈಯಿಂದ ತೆಗೆದು ನನ್ನ ಕಡೆ ಇಡುತ್ತಾರೆ, ಗಂಡನ ಸಹಿ ಬ್ಯಾಡ್ರಿ, ಇವರದಷ್ಟ ಬೇಕು, ಇವರು ಹೂಂ ಅನ್ನದ ನಾ ಕೈ ಹಚ್ಚಂಗಿಲ್ಲ. ಅವನಿಗೆ ನಗು, ಆಕಿ ಎಲ್ಲಿ ಇಲ್ಲ ಅಂತಾಳ್ರೀ, ಬರಿ ಬೇ, ಶಾಣ್ಯಾಕಿ ಅದೀ, ಹೆಸರ ಬರ್ಯಾಕ ಎಷ್ಟ ಹೊತ್ತು, ಅಲ್ಲಿ ಬಿಜಲಿ ಬಿಸಲಾಗ ನಿಂತೈತಿ. ಬಿಜಲಿ ಬಿಸಿಲಲ್ಲಿ ನಿಂತಿದೆ. ಪೆನ್ನಿನ ಮುಚ್ಚಳ ಹಾಕುತ್ತೇನೆ, ಟಕ್ ಎನ್ನುತ್ತದೆ, ಇಷ್ಟು ಸಣ್ಣ ಸದ್ದು, ಇಲ್ಲ ಅನ್ನುತ್ತೇನೆ. ಏನಂದಿ? ಇಲ್ಲ ಅಂದ್ನಿ. ಗಟ್ಟಿಯಾಗಿ ಬಂತು, ಅವ್ವನ ದನಿ, ಇಷ್ಟು ವರ್ಷ ಎಲ್ಲಿತ್ತು, ಮೇಡಂ ಫಾರಮ್ಮನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಮಾಳೇಶ ಎದ್ದ, ಕುರ್ಚಿ ಬಿತ್ತು, ಆ ಸ್ವಚ್ಛ ಕೈ ಮೇಲೆ ಹೋಗುತ್ತಿದೆ, ಬೇವಿನೆಣ್ಣೆಯ ವಾಸನೆ, ನಾನು ತಲೆ ತಗ್ಗಿಸುತ್ತೇನೆ, ಹಿಂದೆ ಸರಿಯುತ್ತೇನೆ, ಯಾವಾಗಲೂ ಸರಿದ ಹಾಗೆಯೇ, ಅವನು ನಗುತ್ತಾನೆ, ಸೋತಳು ಅಂದುಕೊಂಡಿದ್ದಾನೆ, ಟಗರು ಸಾಕಿದವನಿಗೆ ಇಷ್ಟೂ ಗೊತ್ತಾಗುವುದಿಲ್ಲವೇ, ಹಿತ್ತಲು, ಬಿಸಿಲು, ಬಿಜಲಿಯ ತಗ್ಗಿದ ತಲೆ, ಒಂದು ಹೆಜ್ಜೆ ಹಿಂದಕ್ಕೆ, ಎರಡು ಹೆಜ್ಜೆ, ಹಿಂದಕ್ಕೆ —