ವೆಸ್ಲಿ ಬರೆದ ಊಟದ ಪಟ್ಟಿ

ನನ್ನ ಗಂಡ ವೆಸ್ಲಿಗೆ ಊಟದ ಪಟ್ಟಿ ಬರೆಯುವ ಹುಚ್ಚು. ಆರ್ಲ್ಯಾಂಡೊದ ಥೀಮ್ ಪಾರ್ಕಿಗೆ ಹೋಗುವ ಎಂಟು ತಿಂಗಳ ಮೊದಲೇ ಹಸಿರು ಶಾಯಿಯಲ್ಲಿ ಬರೆದಿಟ್ಟಿದ್ದ: ಬೆಳಿಗ್ಗೆ ರೂಮಿನಲ್ಲೇ ಕಾರ್ನ್‌ಫ್ಲೇಕ್ಸ್, ಮಧ್ಯಾಹ್ನ ಚೀಲದಲ್ಲಿ ಟರ್ಕಿ ಕೋಳಿಯ ಸ್ಯಾಂಡ್‌ವಿಚ್, ಸಂಜೆ ರೆಸಾರ್ಟಿನ ಕ್ಯಾಂಟೀನು. ಪ್ರತಿ ಸಾಲಿನ ಕೊನೆಗೂ ‘ಮೂವರಿಗೆ’. ಊರಿಗೆಲ್ಲ ಇಷ್ಟವಾದ ಪೀನಟ್ ಬಟರ್ ಮಾತ್ರ ಪಟ್ಟಿಯಲ್ಲಿರಲಿಲ್ಲ. ಶೇಂಗಾದ ವಾಸನೆ ಬಂದರೂ ಅವನ ಗಂಟಲು ಕಟ್ಟುತ್ತಿತ್ತು. ಹನ್ನೆರಡು ವರ್ಷ ನಮ್ಮ ಹೊಸ್ತಿಲು ದಾಟಿ ಒಂದು ಬೀಜ ಒಳಗೆ ಬಂದಿಲ್ಲ.

ಫೆಬ್ರವರಿಯಲ್ಲಿ ಅವನಿಗೆ ಹೃದಯಾಘಾತವಾಯಿತು. ಅಂದಿನಿಂದ ಏಳು ವರ್ಷದ ಮಗಳು ಹ್ಯಾಟಿ ಊಟ ಬಿಟ್ಟಳು. ಇನ್ನೂ ತೂಕ ಇಳಿದರೆ ಆಸ್ಪತ್ರೆಗೆ ಸೇರಿಸಿ ಎಂದಿದ್ದರು ಡಾಕ್ಟರು. ಜಾಗ ಬದಲಾದರೆ ತಿಂದಾಳು ಎಂಬ ಆಸೆಯಿಂದ ಹೊರಟೆ. ಬುಕಿಂಗಿನಲ್ಲಿ ಮೂರನ್ನು ಎರಡು ಮಾಡಲು ನನ್ನ ಬೆರಳು ಏಳಲಿಲ್ಲ. ಪಟ್ಟಿಯನ್ನೂ ಹಾಗೆಯೇ ತಂದು ರೂಮಿನ ಪುಟ್ಟ ಫ್ರಿಜ್ಜಿನ ಮೇಲೆ ಅಂಟಿಸಿದೆ.

ಸೋಮವಾರ ಬೆಳಿಗ್ಗೆ ಹ್ಯಾಟಿ ಮೂರು ಬಟ್ಟಲು ಇಟ್ಟಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎರಡು ಖಾಲಿ.

“ಎರಡೂ ನೀನೇ ತಿಂದ್ಯಾ, ಬಂಗಾರಿ?”

“ಇಲ್ಲ, ನಂದಷ್ಟೇ.”

ಮಂಗಳವಾರ ಕಾವಲು ಕೂತೆ. ಹಾಲು ತೆಗೆಯಲು ಒಮ್ಮೆ ತಿರುಗಿದೆ, ಅಷ್ಟೇ. ಮೂರನೆಯ ಬಟ್ಟಲು ಬರಿದಾಗಿ, ಅದರ ಮೇಲೆ ಚಮಚ ಬೋರಲಾಗಿ ಮಲಗಿತ್ತು. ವೆಸ್ಲಿ ಚಮಚ ಇಡುತ್ತಿದ್ದುದೇ ಹಾಗೆ. ಬುಧವಾರ ಪಾರ್ಕಿನ ಬೆಂಚಿನ ಮೇಲೆ ಅವನ ಪಾಲಿನ ಸ್ಯಾಂಡ್‌ವಿಚ್ಚಿನ ಕಾಗದ ನಾಲ್ಕು ಮಡಿಕೆಯಾಗಿ ಸಿಕ್ಕಿತು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಮಗಳು ಪಕ್ಕದಲ್ಲಿ ಕಾಲಾಡಿಸುತ್ತಾ ತಿನ್ನುತ್ತಿದ್ದಳು. ದೆವ್ವವೇ ಬಂದು ತಿನ್ನಿಸಲಿ, ನನಗೇನು ಎಂದುಕೊಂಡೆ.

ಗುರುವಾರ ಎದ್ದಾಗ ಪಟ್ಟಿಯಲ್ಲಿ ‘ಮೂವರಿಗೆ’ ಎಂಬುದರ ಮೇಲೆಲ್ಲ ಗೀಟು ಎಳೆದಿತ್ತು. ಪಕ್ಕದಲ್ಲಿ ಅದೇ ಹಸಿರು ಶಾಯಿ: ‘ಇಬ್ಬರಿಗೆ’. ಹೊರಟುಬಿಟ್ಟನಾ ಎಂದುಕೊಂಡೆ. ಹ್ಯಾಟಿ ಎರಡೇ ಬಟ್ಟಲಿಟ್ಟಿದ್ದಳು. ನಾನು ಅವಳೆದುರಿನ ಕುರ್ಚಿ ಎಳೆದೆ.

“ಅಲ್ಲಿ ಕೂರ್ಬೇಡ ಮಮ್ಮಿ. ಅದು ಅಪ್ಪಂದು.”

“ಮತ್ತೆ ನಂದೆಲ್ಲೇ?”

“ನಿಂದಿಲ್ಲ. ನಾಳೆ ನೀನೊಬ್ಳೇ ಮನೆಗೆ ಹೋಗ್ತೀಯಂತೆ. ನಾನಿಲ್ಲೇ ಅಪ್ಪನ್ ಜೊತೆ ಇರ್ತೀನಂತೆ.”

ಅವಳ ಮುಖ ಹಬ್ಬದ ಮುಖವಾಗಿತ್ತು. ತುಟಿ ಮಾತ್ರ ನೀಲಿ.

ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕೆಳಗಿನ ಅಂಗಡಿಗೆ ಓಡಿದೆ. ಬ್ರೆಡ್ಡು ಮತ್ತು ಒಂದು ಡಬ್ಬಿ ತಂದು, ಮೇಜಿನ ಮೇಲಿಟ್ಟು ಮುಚ್ಚಳ ತಿರುಗಿಸಿದೆ. ಹುರಿದ ಶೇಂಗಾದ ವಾಸನೆ ರೂಮು ತುಂಬಿತು.

“ಬೇಡ ಮಮ್ಮಿ! ಅಪ್ಪ ಸತ್ತೋಗ್ತಾನೆ!” ಹ್ಯಾಟಿ ನನ್ನ ಕೈಗೆ ಜೋತುಬಿದ್ದಳು.

“ಅಪ್ಪ ಸತ್ತೋಗಿದಾನೆ, ಕಂದ.”

ಆ ಮಾತು ಅಲ್ಲಿಯವರೆಗೆ ನನ್ನ ಬಾಯಿಂದ ಹೊರಟಿರಲಿಲ್ಲ.

ಎದುರಿನ ಕುರ್ಚಿ ಸರಕ್ಕನೆ ಹಿಂದಕ್ಕೆ ಜರುಗಿತು. ಗಂಟಲು ಕಟ್ಟಿದ ಕೆಮ್ಮು, ಒಂದು, ಮತ್ತೊಂದು. ಬಾಗಿಲು ತಾನಾಗಿ ತೆರೆದು, ಸದ್ದಿಲ್ಲದೆ ಮುಚ್ಚಿಕೊಂಡಿತು. ವೆಸ್ಲಿ ಎಂದೂ ಬಾಗಿಲು ಬಡಿದವನಲ್ಲ.

ಹ್ಯಾಟಿ ಬಿಕ್ಕುತ್ತಾ ಬಹಳ ಹೊತ್ತು ಬಾಗಿಲನ್ನೇ ನೋಡಿದಳು. ಆಮೇಲೆ ನಾನು ಸವರಿಕೊಟ್ಟ ಬ್ರೆಡ್ಡಿನ ತುದಿ ಕಚ್ಚಿದಳು. ಅಗಿದಳು. ತುಟಿಗೆ ನಿಧಾನವಾಗಿ ಬಣ್ಣ ಬಂತು.

“ಇನ್ನೊಂದ್ ಕೊಡು,” ಅಂದಳು.

ಬಾಗಿಲಾಚೆ ಆ ಕೆಮ್ಮು ಇನ್ನೂ ಕೇಳುತ್ತಿತ್ತು. ನಾನು ಅಳುತ್ತಲೇ ಇನ್ನಷ್ಟು ದಪ್ಪಗೆ ಸವರಿದೆ.